ಅಪ್ಪನ ಕೋವಿ ನನ್ನ ಹೆಸರಿಗೆ ಮಾಡಿಸುವುದಾ, ಒಪ್ಪಿಸಿ ಬಿಡುವುದಾ?

ಗುಡ್ಡೆತೋಟ · ಭಾನುವಾರ ರಾತ್ರಿ 9:12

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನಮ್ಮದು ಉಡುಪಿ ಜಿಲ್ಲೆ, ಘಟ್ಟದ ಬುಡ. ಎರಡೂವರೆ ಎಕರೆ ಅಡಿಕೆ, ನಡುವೆ ತೆಂಗು, ಬಾಳೆ. ಕಳೆದ ತಿಂಗಳು ಅಪ್ಪ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ನನ್ನ ಮುಂದೆ ಉಳಿದದ್ದು ಮೂರು: ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ, ಕೋವಿ. ಮೊದಲಿನ ಎರಡಕ್ಕೆ ದಾರಿ ಗೊತ್ತುಂಟು. ಮೂರನೆಯದ್ದೇ ತಲೆನೋವು.

ಕೋವಿ ಅಂದರೆ ದೊಡ್ಡದೇನಲ್ಲ. ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆಗೆ’ ಅಂತ ಬರೆದಿದೆ. ಅಪ್ಪ ಅದನ್ನು ತುಂಬುವುದನ್ನು ಸಣ್ಣವನಿರುವಾಗ ಬಾಯಿ ಬಿಟ್ಟು ನೋಡುತ್ತಿದ್ದೆ. ಬಿದಿರಿನ ಸಣ್ಣ ಅಳತೆಯಲ್ಲಿ ಮದ್ದು. ಅದರ ಮೇಲೆ ತೆಂಗಿನ ನಾರಿನ ಉಂಡೆ. ಆಮೇಲೆ ಗಜ, ಅಂದರೆ ಉದ್ದದ ಸಲಾಕೆ, ಹಾಕಿ ಕುಟ್ಟುವುದು. ಗಜ ತಾನಾಗಿ ಪುಟಿದು ಮೇಲೆ ಬಂದರೆ ಸಾಕು, ಮದ್ದು ಕೂತಿದೆ ಅಂತ ಲೆಕ್ಕ. ಚರೆ (ಸಣ್ಣ ಸೀಸದ ಗುಂಡು) ಹಾಕುತ್ತಿದ್ದದ್ದು ಅಪರೂಪ, ಮಂಗಗಳಿಗೆ ಸದ್ದೇ ಸಾಕು. ಕೊನೆಗೆ ಕೇಪು, ಮದ್ದಿಗೆ ಕಿಡಿ ಕೊಡುವ ಸಣ್ಣ ಟೋಪಿ. ಅದಿಲ್ಲದೆ ಕೋವಿ ಸಿಡಿಯುವುದಿಲ್ಲ. ಇಷ್ಟೆಲ್ಲ ಆಗುವಾಗ ಮಂಗಗಳು ಬಾಳೆಗೊನೆ ಮುಗಿಸಿ ಪಕ್ಕದವರ ತೋಟಕ್ಕೆ ಹೋಗಿರುತ್ತಿದ್ದವು. ತಮಾಷೆ ಅಲ್ಲ, ನಿಜ.

ಈಗ ವಿಷಯ. ಅಕ್ಕ ಟೆಕ್ಸಾಸ್‌ನಿಂದ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಸಣ್ಣವನಿಗೆ ಎಂಟು ವರ್ಷ. ಚಾವಡಿಯ ಗೋಡೆಯಲ್ಲಿ ನೇತಾಡುತ್ತಿದ್ದ ಕೋವಿ ನೋಡಿ “ಅಮ್ಮಾ, ಇದು ನಿಜದ್ದಾ?” ಅಂತ ಕೇಳಿದ. ಅಕ್ಕನ ಮುಖ ಬಿಳುಚಿ ಹೋಯಿತು. ಅವರ ಶಾಲೆಯಲ್ಲಿ ಯಾರಾದರೂ ಬಂದೂಕು ಹಿಡಿದು ಒಳಗೆ ಬಂದರೆ ಬಾಗಿಲು ಹಾಕಿ, ಲೈಟ್ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರಂತೆ. “ಇದು ಈ ಮನೆಯಲ್ಲಿ ಇರುವವರೆಗೆ ನಾನು ಮಕ್ಕಳನ್ನು ತರುವುದಿಲ್ಲ” ಅಂತ ಖಡಕ್ ಆಗಿ ಹೇಳಿ ಹೋದಳು. ಮಜಾ ಏನೆಂದರೆ ಅವಳ ಮನೆಯಲ್ಲಿ ಭಾವನದ್ದು ಎರಡು ಉಂಟು!

ಕೋವಿ ಬಿಟ್ಟರೆ ತೋಟಕ್ಕೆ ಕಷ್ಟ. ಇಟ್ಟುಕೊಂಡರೆ ಅಕ್ಕ ಇಲ್ಲ. ನನ್ನ ಹೆಸರಿಗೆ ಆಗುತ್ತದಾ? ಆಗುವುದಾದರೂ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ.

ಕುಡ್ಲದ ವಕೀಲ · 9:40

ಗುಡ್ಡೆತೋಟದವರೇ, ಅಪ್ಪನ ವಿಷಯ ಕೇಳಿ ಬೇಸರವಾಯಿತು. ಆದರೆ ಉಳಿದ ಮಾತೆಲ್ಲ ಆಮೇಲೆ. ಕೋವಿ ಈಗ ಎಲ್ಲಿದೆ?

ಗುಡ್ಡೆತೋಟ · 9:43

ಚಾವಡಿಯ ಗೋಡೆಯಲ್ಲೇ ಉಂಟು.

ಕುಡ್ಲದ ವಕೀಲ · 10:05

ಅದೇ ಹೆದರಿದ್ದೆ. ಲೈಸೆನ್ಸ್ ಮನುಷ್ಯನಿಗೆ ಕೊಡುವುದು, ಮನೆಗೆ ಅಲ್ಲ. ಅಪ್ಪ ಹೋದ ದಿನದಿಂದ ಆ ಕೋವಿ ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದ ಕೋವಿ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡ ಮಾಡದೆ ಠಾಣೆಗೆ ಅಥವಾ ಪರವಾನಗಿ ಇರುವ ಕೋವಿ ಅಂಗಡಿಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು. ನಾಳೆ ಬೆಳಿಗ್ಗೆ ಠಾಣೆಗೆ ಫೋನ್ ಮಾಡಿ ವಿಷಯ ಹೇಳಿ, ಅವರು ಹೇಳಿದ ಹಾಗೆ ತಲುಪಿಸಿ. ಬೈಕಿನ ಹಿಂದೆ ಗೋಣಿ ಸುತ್ತಿ ಕಟ್ಟಿಕೊಂಡು ಹೊರಡಬೇಡಿ.

ಸುಮ್ನೆ ಹೆದರಿಸುತ್ತಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಮೊದಲು 1ರಿಂದ 3 ವರ್ಷ ಇತ್ತು. 2019ರ ತಿದ್ದುಪಡಿ ಬಂದ ಮೇಲೆ 2ರಿಂದ 5 ವರ್ಷ.

ನಿಮ್ಮ ಹೆಸರಿಗೆ ಆಗುತ್ತದಾ ಅಂದರೆ, ದಾರಿ ಇದೆ. 2016ರ ಆಯುಧ ನಿಯಮಗಳಲ್ಲಿ 25ನೇ ನಿಯಮ ವಾರಸುದಾರರಿಗೆಂದೇ ಇರುವುದು. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರು ಅರ್ಜಿ ಹಾಕಬಹುದು. ಅವರು ಬದುಕಿರುವಾಗಲೇ, 70 ವರ್ಷ ಆದಾಗ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಮಕ್ಕಳಲ್ಲಿ ಒಬ್ಬರಿಗೆ ಬಿಟ್ಟುಕೊಡಬಹುದು. ಇದು ಓದುತ್ತಿರುವ ಬೇರೆಯವರೂ ಗಮನಿಸಿ. ಅಪ್ಪ ಹೋದ ಮೇಲೆ ಓಡಾಡುವುದಕ್ಕಿಂತ ಅವರಿರುವಾಗಲೇ ಮಾಡಿಸುವುದು ಎಷ್ಟೋ ಸುಲಭ. ಅರ್ಜಿದಾರರಿಗೆ 21 ವರ್ಷ ಆಗಿರಬೇಕು. ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರು ಇತ್ತು. ಲೈಸೆನ್ಸಿನ ಅವಧಿ ಈಗ 5 ವರ್ಷ.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಪಿಸ್ತೂಲು ಬೇಕು ಅಂದರೆ ‘ಸರಿಯಾದ ಕಾರಣ ತೋರಿಸು’ ಅನ್ನುತ್ತದೆ ಕಾಯ್ದೆ. ನಿಜವಾಗಿ ಬೆಳೆ ಕಾಯಲು ಕೇಪಿನ ಕೋವಿ ಕೇಳಿದರೆ, ತಿರಸ್ಕರಿಸಲು ಬೇರೆ ಕಾರಣ ಇಲ್ಲದಿದ್ದರೆ ‘ಕೊಡತಕ್ಕದ್ದು’ ಅನ್ನುತ್ತದೆ. 13ನೇ ಸೆಕ್ಷನ್. ಆಸ್ತಿ ಕಮ್ಮಿ ಇದೆ ಅನ್ನುವ ಒಂದೇ ಕಾರಣಕ್ಕೆ ಇಲ್ಲ ಅನ್ನುವ ಹಾಗೂ ಇಲ್ಲ. ಸಾಮಾನ್ಯವಾಗಿ ಕಾರಣವನ್ನು ಬರೆದೇ ಕೊಡಬೇಕು, ಅದರ ಮೇಲೆ ಮೇಲ್ಮನವಿ ಉಂಟು.

ಮಂಗನ ಹಾವಳಿ · 10:20

ಮಂಗಗಳಿಗೆ ಸೆಕ್ಷನ್ ಗೊತ್ತಿಲ್ಲ ಸ್ವಾಮಿ. ಅವಕ್ಕೆ ಕೋವಿ ಇರುವ ಮನೆ ಯಾವುದು, ಇಲ್ಲದ ಮನೆ ಯಾವುದು ಅಂತ ಮಾತ್ರ ಗೊತ್ತು. ನಾನು ಕೋಲಿಗೆ ಕಪ್ಪು ಪೈಂಟ್ ಬಳಿದು ಕೋವಿಯ ಹಾಗೆ ಹಿಡಿದು ನೋಡಿದೆ. ಒಂದು ವಾರ ಓಡಿದವು. ಎರಡನೇ ವಾರ ಅಡಿಕೆ ಮರದ ಮೇಲೆ ಕೂತು ನನ್ನನ್ನೇ ನೋಡಿದವು.

ಬಜ್ಪೆ ಬಸ್ · 10:31

ಕಾನೂನೆಲ್ಲ ತೋಟದ ಮುದುಕರಿಗೆ ಮಾತ್ರ ಮಾರಾಯ್ರೆ. 2025ರ ಜನವರಿಯಲ್ಲಿ ಕೋಟೆಕಾರಿನಲ್ಲಿ ಹಾಡಹಗಲೇ ಸಹಕಾರಿ ಸಂಘಕ್ಕೆ ನುಗ್ಗಿ ಚಿನ್ನ ಹೊತ್ತುಕೊಂಡು ಹೋದರಲ್ಲ, ಅವರ ಕೈಯಲ್ಲಿದ್ದ ಪಿಸ್ತೂಲಿಗೆ ಯಾವ ಫಾರಂ ತುಂಬಿದ್ದರು? ಪ್ರಾಮಾಣಿಕರ ಕೈ ಕಟ್ಟಿ ಹಾಕಿದರೆ ಕಳ್ಳರಿಗೆ ಗಮ್ಮತ್ತು. ಅಮೆರಿಕದ ಹಾಗೆ ನಮಗೂ ಹಕ್ಕು ಕೊಡಲಿ.

ಮಾಜಿ ಫೌಜಿ · 10:52

ಬಜ್ಪೆಯವರೇ, ನಾನು 17 ವರ್ಷ ರೈಫಲ್ ಹೊತ್ತವನು. ಕೌಂಟರಿನಲ್ಲಿ ಕೂತ ಹುಡುಗಿಯ ಡ್ರಾವರಿನಲ್ಲಿ ಒಂದು ಪಿಸ್ತೂಲು ಇಟ್ಟಿದ್ದರೆ ಆವತ್ತು ಏನಾಗುತ್ತಿತ್ತು ಅಂತ ಒಮ್ಮೆ ಯೋಚನೆ ಮಾಡಿ. ಒಳಗೆ ಐದಾರು ಜನ, ಎದುರಿನಿಂದ ಆಯುಧ ತೋರಿಸುತ್ತಿದ್ದಾರೆ. ಡ್ರಾವರ್ ಎಳೆದು, ಲಾಕ್ ತೆಗೆದು, ಗುರಿ ಹಿಡಿಯಲು ವರ್ಷಗಟ್ಟಲೆ ಅಭ್ಯಾಸ ಬೇಕು. ಅಭ್ಯಾಸ ಇದ್ದವರ ಕೈಯೂ ನಡುಗುತ್ತದೆ, ನನ್ನದೂ ನಡುಗಿದೆ. ಚಿನ್ನ ಹೋದರೆ ಇನ್ಶೂರೆನ್ಸ್ ಉಂಟು.

ಶೆಟ್ರ ಗೂಡಂಗಡಿ · 11:04

ನಮ್ಮ ಊರಿನ ಸುದ್ದಿಯಲ್ಲಿ ಕೋವಿಗಿಂತ ತಲವಾರೇ ಜಾಸ್ತಿ ಅಲ್ವಾ? ಅದಕ್ಕೂ ಈ ಕಾಯ್ದೆ ಲಾಗೂ ಆಗುತ್ತದಾ ವಕೀಲರೇ?

ಕುಡ್ಲದ ವಕೀಲ · 11:15

ಆಗುತ್ತದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವ ಹರಿತ ಆಯುಧಗಳೂ ಕಾಯ್ದೆಯ ಪಟ್ಟಿಯಲ್ಲಿವೆ. ಮನೆಗೆಲಸದ, ಕೃಷಿಯ ಕತ್ತಿಗೆ ಮಾತ್ರ ಬಿಡುಗಡೆ. ಸೊಪ್ಪು ಕಡಿಯುವ ಕತ್ತಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ.

ನಿರ್ವಾಹಕ · 11:30

ತಲವಾರಿನ ಮಾತು ಬಂದ ಕೂಡಲೇ ‘ಅವರು ಇಟ್ಟುಕೊಂಡಿದ್ದಾರೆ, ನಾವೂ ಇಟ್ಟುಕೊಳ್ಳಬೇಕು’ ಅಂತ ಶುರುವಾದ ಮೂರು ಕಮೆಂಟ್ ತೆಗೆದಿದ್ದೇನೆ. ಇದು ಒಬ್ಬರ ಅಪ್ಪನ ಕೋವಿಯ ವಿಷಯ. ದಯವಿಟ್ಟು ಅಲ್ಲೇ ಇರಿ.

ಟೆಕ್ಸಾಸ್ ಭಾವ · ಸೋಮವಾರ ಬೆಳಿಗ್ಗೆ 6:48

ಮೇಲೆ ‘ಅವಳ ಮನೆಯಲ್ಲಿ ಎರಡು ಉಂಟು’ ಅಂತ ಬರೆದದ್ದು ನನ್ನ ಬಗ್ಗೆ. ನಾನೇ ಆ ಭಾವ. ಹೆಂಡತಿ ಲಿಂಕ್ ಕಳಿಸಿದಳು, ‘ಓದಿ’ ಅಂತ ಒಂದೇ ಶಬ್ದ ಬರೆದು.

ಇಲ್ಲಿಯ ಕಥೆ ಸ್ವಲ್ಪ ಹೇಳುತ್ತೇನೆ, ತಪ್ಪು ಕಲ್ಪನೆ ಜಾಸ್ತಿ ಇದೆ. ಅಮೆರಿಕದ ಎರಡನೇ ತಿದ್ದುಪಡಿ 1791ರದ್ದು. ಒಂದೇ ವಾಕ್ಯ. ಅದರ ಶುರುವಿನಲ್ಲಿ ಶಿಸ್ತಿನ ನಾಗರಿಕ ಪಡೆ ಅಂತ ಇದೆ, ಕೊನೆಯಲ್ಲಿ ಜನರ ಆಯುಧ ಹೊಂದುವ ಹಕ್ಕು ಅಂತ ಇದೆ. ಎರಡರಲ್ಲಿ ಯಾವುದು ಮುಖ್ಯ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ಪ್ರತಿಯೊಬ್ಬನ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ. ಅಂದರೆ ಬರೆದು 217 ವರ್ಷ ಆದ ಮೇಲೆ! 2022ರಲ್ಲಿ ಮನೆಯ ಹೊರಗೆ ಒಯ್ಯುವುದಕ್ಕೂ ಹಕ್ಕು ಇದೆ ಅಂತ ಹೇಳಿತು. ನಮ್ಮ ಟೆಕ್ಸಾಸ್‌ನಲ್ಲಂತೂ 2021ರ ಸೆಪ್ಟೆಂಬರ್‌ನಿಂದ 21 ದಾಟಿದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಪಿಸ್ತೂಲು ಒಯ್ಯಲು ಲೈಸೆನ್ಸೇ ಬೇಡ.

ನಾನು ಮೊದಲನೆಯದನ್ನು ತೆಗೆದುಕೊಂಡದ್ದು ಹೇಗೆ ಅಂದರೆ, ಅಂಗಡಿಗೆ ಹೋದೆ, ಫಾರಂ ತುಂಬಿದೆ, ಅವರು ಕಂಪ್ಯೂಟರಿನಲ್ಲಿ ನನ್ನ ಹಿನ್ನೆಲೆ ನೋಡಿದರು. ಅರ್ಧ ಗಂಟೆ. ಊರಿನಲ್ಲಿ ಅಪ್ಪನಿಗೆ ಗ್ಯಾಸ್ ಕನೆಕ್ಷನ್ ಮಾಡಿಸಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕಾಗಿತ್ತು. ಯಾಕೆ ತೆಗೆದುಕೊಂಡೆ? ನಿಜ ಹೇಳಬೇಕಾ? ಆಚೆ ಮನೆಯವನ ಹತ್ತಿರ ಇತ್ತು, ಈಚೆ ಮನೆಯವನ ಹತ್ತಿರವೂ ಇತ್ತು. ಇಷ್ಟೇ.

ಇನ್ನು ನನ್ನ ಹೆಂಡತಿ. 2022ರ ಮೇ ತಿಂಗಳಲ್ಲಿ ಯುವಾಲ್ಡೆ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಹೋದರು. ಅದೂ ನಮ್ಮ ರಾಜ್ಯವೇ. ಆವತ್ತು ಅವಳು ಮಗನ ಶಾಲೆಯ ಹೊರಗೆ ಕಾರಿನಲ್ಲಿ ಮೂರು ಗಂಟೆ ಸುಮ್ಮನೆ ಕೂತಿದ್ದಳು. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಹಾಗಾಗಿ ಭಾವ, ಅವಳು ಚಾವಡಿಯಲ್ಲಿ ಹೆದರಿದ್ದು ನಿಮ್ಮ ಕೋವಿಗೆ ಅಲ್ಲ.

ಬಜ್ಪೆ ಬಸ್ · 7:30

ಸರಿ, ಹಾಗಾದರೆ ನೀವು ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ?

ಟೆಕ್ಸಾಸ್ ಭಾವ · 7:41

ಅದೇ ಪ್ರಶ್ನೆ ನಮ್ಮ ಮನೆಯಲ್ಲೂ ಇದೆ.

ಕುಡ್ಲದ ವಕೀಲ · 8:10

ಹಕ್ಕಿನ ಮಾತು ಬಂದದ್ದಕ್ಕೆ ಎರಡು ಸಾಲು. ನಮ್ಮ ಸಂವಿಧಾನದಲ್ಲಿ ಆಯುಧದ ಮಾತು ಮೂಲಭೂತ ಹಕ್ಕುಗಳ ಭಾಗದಲ್ಲಿ ಬರುವುದು ಉಲ್ಟಾ ದಿಕ್ಕಿನಲ್ಲಿ. 19ನೇ ವಿಧಿ ಸಭೆ ಸೇರುವ ಹಕ್ಕು ಕೊಡುತ್ತದೆ, ಆದರೆ ಶಾಂತಿಯಿಂದ, ಆಯುಧ ಇಲ್ಲದೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಲೈಸೆನ್ಸ್ ಇಲ್ಲದ ಆಯುಧಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಮೆರಿಕದ ಹಾಗೆ ಇಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಅಂತ ಆಗ ಹೇಳಿತು.

ಬಜ್ಪೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಜಗತ್ತಿನ ಬಂದೂಕುಗಳ ಲೆಕ್ಕ ಇಡುವ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯವರು 2018ರಲ್ಲಿ ಹೊರತಂದ ಅಂದಾಜಿನ ಪ್ರಕಾರ ಭಾರತದ ಜನರ ಕೈಯಲ್ಲಿ ಸುಮಾರು 7.1 ಕೋಟಿ ಬಂದೂಕು, ಅದರಲ್ಲಿ ದಾಖಲೆ ಇರುವುದು 97 ಲಕ್ಷ ಮಾತ್ರ. ಕಳ್ಳ ಬಂದೂಕು ತುಂಬಾ ಇದೆ ಎಂಬುದು ಹೌದು. ಆದರೆ ಅದೇ ಅಂದಾಜಿನಲ್ಲಿ ಅಮೆರಿಕಕ್ಕೆ 39 ಕೋಟಿ ದಾಟುತ್ತದೆ. 100 ಜನರಿಗೆ 120. ಕೂಸು, ಮುದುಕರು ಎಲ್ಲ ಸೇರಿ.

ಮಡಿಕೇರಿ ಮಳೆ · 8:55

ನಾನು ಕೊಡವ, ಕೆಲಸ ಮಂಗಳೂರಿನಲ್ಲಿ. ಈ ಮಾತು ಬಂದಾಗೆಲ್ಲ ಆಫೀಸಿನವರು ನನ್ನ ಕಡೆ ತಿರುಗುತ್ತಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಮಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ಹೌದು. 1861ರಿಂದ ಬಂದದ್ದು. ಈಗಿನದ್ದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2029ರ ಅಕ್ಟೋಬರ್‌ವರೆಗೆ. ಒಂದು ಜನಾಂಗಕ್ಕೆ ಮಾತ್ರ ಯಾಕೆ ಅಂತ ಕೋರ್ಟಿಗೂ ಹೋದರು, 2021ರಲ್ಲಿ ನಮ್ಮ ಹೈಕೋರ್ಟ್ ವಿನಾಯಿತಿ ಸರಿ ಅಂದಿತು. ಕೊಡವರ ಜೊತೆ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ.

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದಿಗೆ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜೆ. ನನ್ನ ತಾತ ಸತ್ತ ದಿನ ಆ ಎರಡು ಗುಂಡಿನ ಸದ್ದು ಕೇಳಿದ ಮೇಲೆಯೇ ನನಗೆ ಅಳು ಬಂದದ್ದು. ಆದರೆ ವಿನಾಯಿತಿ ಅಂದರೆ ಲೆಕ್ಕ ಇಲ್ಲ ಅಂತಲ್ಲ. ಪತ್ರ ಮಾಡಿಸಬೇಕು, ದಾಖಲೆ ಇರಬೇಕು. ಮದುವೆಯಲ್ಲಿ ಖುಷಿಗೆ ಅಂತ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಈಗ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಮಾಜಿ ಫೌಜಿ · 9:20

ನಿಮಗೆ 1861ರಲ್ಲಿ ಬಿಟ್ಟರು, ಉಳಿದವರಿಂದ 1878ರ ಕಾಯ್ದೆಯಲ್ಲಿ ಕಿತ್ತುಕೊಂಡರು. 1857 ನೋಡಿದ ಮೇಲೆ ಬ್ರಿಟಿಷರಿಗೆ ಜನರ ಕೈಯಲ್ಲಿ ಕೋವಿ ಇರುವುದು ಬೇಡವಾಗಿತ್ತು. ನಮ್ಮ ಕಡೆ ಅದಕ್ಕೂ 20 ವರ್ಷ ಮೊದಲೇ, 1837ರ ಏಪ್ರಿಲ್‌ನಲ್ಲಿ, ಸುಳ್ಯದಿಂದ ಹೊರಟ ರೈತರು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದರು. ಈಗ ಆ ಗುಡ್ಡೆ ಹತ್ತುವಾಗ ಪಾರ್ಕಿಂಗ್ ಹುಡುಕುವುದೇ ಒಂದು ದಂಗೆ. ಸ್ವಾತಂತ್ರ್ಯ ಬಂದ ಮೇಲೂ 15 ವರ್ಷ, 1959ರ ಕಾಯ್ದೆ 1962ರಲ್ಲಿ ಜಾರಿಗೆ ಬರುವವರೆಗೆ, ಆ 1878ರ ಕಾಯ್ದೆಯಲ್ಲೇ ನಡೆಯಿತು.

ಕೊಕ್ಕೋ ಗಿಡ · 10:02

ನಾನು ಪುತ್ತೂರು ಕಡೆಯವನು. ಗುಡ್ಡೆತೋಟದವರೇ, ಮಾಡಿಸುವ ಮೊದಲು ಒಂದು ಕೇಳಿ. ಲೈಸೆನ್ಸ್ ಸಿಗುತ್ತದೆ, ಕೋವಿ ನಿಮ್ಮ ಹತ್ತಿರ ಇರುವುದಿಲ್ಲ. ಯಾಕೆ? ಚುನಾವಣೆ. ಲೋಕಸಭೆ ಬಂತು, ಠಾಣೆಗೆ ಕೊಡಿ. ವಿಧಾನಸಭೆ ಬಂತು, ಕೊಡಿ. ಪಂಚಾಯತ್ ಬಂತು, ಪುನಃ ಕೊಡಿ. ಹೆಚ್ಚಿನ ಸಲ ಬರುವುದು ಏಪ್ರಿಲ್-ಮೇಯಲ್ಲಿ. ಕಾಡಿನಲ್ಲಿ ನೀರು ಒಣಗಿ ಪ್ರಾಣಿಗಳೆಲ್ಲ ತೋಟಕ್ಕೆ ಇಳಿಯುವುದೂ ಆಗಲೇ. ಮತ ಹಾಕುವುದು ನಾವು, ಬಾಳೆಕಾಯಿ ತಿನ್ನುವುದು ಮಂಗ.

ಎಲ್ಲರಿಂದ ಒಟ್ಟಿಗೆ ಕಿತ್ತುಕೊಳ್ಳುವ ಹಾಗಿಲ್ಲ ಅಂತ ಬಾಂಬೆ ಹೈಕೋರ್ಟಿನ ತೀರ್ಪು ಇದೆ. ಅದರ ಮೇಲೆ ಚುನಾವಣಾ ಆಯೋಗವೇ 2009ರಲ್ಲಿ ಸ್ಕ್ರೀನಿಂಗ್ ಕಮಿಟಿ ಮಾಡಿ, ಯಾರಿಂದ ಅಪಾಯ ಉಂಟೋ ಅವರದ್ದನ್ನು ನೋಡಿ ಅಂತ ಹೇಳಿದೆ. ಆದರೆ ಕೆಳಗೆ ಬರುವಾಗ ಅದು ‘ಎಲ್ಲರೂ ತಂದು ಇಡಿ’ ಅಂತ ಆಗುತ್ತದೆ. ನಮ್ಮ ಜಿಲ್ಲೆಯ ಕೃಷಿಕರು ಇದಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಒಂದು ಕೇಪಿನ ಕೋವಿಗೆ!

ಒಮ್ಮೆ ನನ್ನದು ವಾಪಸ್ ಬಂದಾಗ ಗಜ ನನ್ನದಲ್ಲ. ಅಡಿಯಲ್ಲಿ ನಾಲ್ಕು ಬೆರಳು ಗಿಡ್ಡ. “ನೋಡಿ ಸಾರ್, ಇದು ಬೇರೆಯವರದ್ದು” ಅಂದೆ. “ಕೋವಿ ನಿಮ್ಮದೇ ಅಲ್ವಾ? ಸಹಿ ಹಾಕಿ” ಅಂದರು. ಎಲ್ಲೋ ಒಬ್ಬ ಪುಣ್ಯಾತ್ಮ ನನ್ನ ಉದ್ದದ ಗಜ ಹಿಡಿದುಕೊಂಡು ತಲೆ ಕೆರೆದುಕೊಳ್ಳುತ್ತಿರಬೇಕು.

ಹತ್ತು ಮೀಟರ್ · 11:15

ನಾನು ಏರ್ ರೈಫಲ್ ಶೂಟರ್, ಕಾಲೇಜು ವಿದ್ಯಾರ್ಥಿನಿ. ಸದ್ದೇ ಬೇಕಾದರೆ ಏರ್‌ಗನ್ ಸಾಲದು, ಆದರೆ ಕೇಳುವವರು ಇರುತ್ತಾರೆ ಅಂತ ಹೇಳುತ್ತಿದ್ದೇನೆ. 0.177 ಇಂಚಿನ, 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅದರಲ್ಲಿ ಹಕ್ಕಿ ಹೊಡೆದರೆ ಮಾತ್ರ ಅರಣ್ಯದವರು ಬರುತ್ತಾರೆ.

ರೇಂಜಿನಲ್ಲಿ ನಮಗೆ ಮೊದಲ ಒಂದು ತಿಂಗಳು ಗುರಿ ಹಿಡಿಯಲು ಬಿಡಲೇ ಇಲ್ಲ. ‘ಖಾಲಿ ಇದೆ’ ಅಂತ ಯಾರು ಹೇಳಿದರೂ ನಂಬಬಾರದು, ನಾವೇ ತೆರೆದು ನೋಡಬೇಕು. ನಳಿಗೆ ಯಾರ ಕಡೆಗೂ ತಿರುಗಬಾರದು. ಅಂಕಲ್, ನಿಮ್ಮ ಅಪ್ಪನ ಕೋವಿ ಖಾಲಿ ಇತ್ತು ಅಂತ ನೋಡಿದ್ದೀರಾ?

ಗುಡ್ಡೆತೋಟ · 11:22

ಅಯ್ಯೋ. ಇಲ್ಲ ಮಗಾ.

ಮಾಜಿ ಫೌಜಿ · 11:25

ಮುಟ್ಟಬೇಡಿ! ಕೇಪಿನ ಕೋವಿಯಲ್ಲಿ ಹಳೆಯ ಮದ್ದು ಕೂತಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಠಾಣೆಯವರಿಗೆ ‘ತುಂಬಿರಬಹುದು’ ಅಂತ ಮೊದಲೇ ಹೇಳಿ, ಗೊತ್ತಿದ್ದವರನ್ನು ಕರೆಸಿ.

ಮಂಗನ ಹಾವಳಿ · 12:10

ಮಂಗನನ್ನು ಕೊಲ್ಲುವ ಹಾಗಿಲ್ಲ, ನವಿಲು ಕೇಳಲೇಬೇಡಿ, ಕಾಟಿ (ಕಾಡುಕೋಣ), ಆನೆ ಎಲ್ಲ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿ. ಹಂದಿಗೆ ಕೇರಳದಲ್ಲಿ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಅನುಮತಿ ಕೊಡುವ ಅಧಿಕಾರ ಕೊಟ್ಟರು. ಇಲ್ಲಿ ಕೋವಿ ಕೊಡುತ್ತಾರೆ, ಹೊಡೆಯಲು ಬಿಡುವುದಿಲ್ಲ. ಅಂದರೆ ನಾವು ಲೈಸೆನ್ಸ್ ತೆಗೆದುಕೊಳ್ಳುವುದು ಒಂದು ಸದ್ದಿಗೆ. ಅದಕ್ಕೆ ಪೊಲೀಸ್ ವರದಿ, ಫೋಟೋ, ಪಹಣಿ, ತರಬೇತಿ ಸರ್ಟಿಫಿಕೇಟು. ದೀಪಾವಳಿ ಪಟಾಕಿಗೆ ಒಂದೂ ಬೇಡ.

ಕೊಕ್ಕೋ ಗಿಡ · 12:18

ಬೇಡ ಅಂತಲೇ ಜನ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವುದು, ಹಂದಿಗೆ ಬೇಲಿಗೆ ಕರೆಂಟು ಕೊಡುವುದು, ಉರುಳು ಇಡುವುದು. ಕೋವಿಗಿಂತ ಅದೇ ಅಪಾಯ. ಪೈಪ್ ಸಿಡಿದರೆ ಕಣ್ಣೇ ಹೋಗುತ್ತದೆ. ಕರೆಂಟಿಗೆ ಹಂದಿ ಯಾರು, ಹಾಲು ತರಲು ಹೊರಟ ಮುದುಕ ಯಾರು ಅಂತ ಗೊತ್ತಾಗುವುದಿಲ್ಲ.

ನೈಟ್ ಡ್ಯೂಟಿ · ರಾತ್ರಿ 2:35

ಎಲ್ಲ ಓದಿದೆ. ನಾನು ನರ್ಸ್, 19 ವರ್ಷದಿಂದ. ಎಲ್ಲರೂ ಹೊರಗಿನಿಂದ ಬರುವವರ ಬಗ್ಗೆಯೇ ಮಾತಾಡಿದ್ದೀರಿ. ಕಳ್ಳ, ಮಂಗ, ಹಂದಿ, ಬ್ರಿಟಿಷರು.

ಭಾವನವರ ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಬೇರೆ ಯಾರೂ ಕೊಂದದ್ದಲ್ಲ. ನಮ್ಮ ವಾರ್ಡಿನಲ್ಲಿ ಕೋವಿಯ ಕೇಸ್ ಅಪರೂಪ. ಇಲ್ಲಿ ಬರುವುದು ಕಳೆನಾಶಕದ ಬಾಟಲಿ. ಆದರೆ ಕಥೆ ಒಂದೇ. ಒಂದು ಕೆಟ್ಟ ಸಂಜೆ, ಕೈಗೆ ಸಿಗುವಲ್ಲಿ ಒಂದು ವಸ್ತು. ಬಾಟಲಿ ಅಟ್ಟದ ಮೇಲೆ, ಬೀಗದ ಒಳಗೆ ಇದ್ದ ಮನೆಯವರು ಎಷ್ಟೋ ಸಲ ಮರುದಿನ ಎದ್ದು ಕಾಫಿ ಕುಡಿಯುತ್ತಾರೆ. ಅಂಥವರು ನಮ್ಮ ವಾರ್ಡಿಗೆ ಬರುವುದೇ ಇಲ್ಲ, ಹಾಗಾಗಿ ಲೆಕ್ಕಕ್ಕೂ ಸಿಗುವುದಿಲ್ಲ.

ಅದಕ್ಕೇ ಅಣ್ಣಾ, ಲೈಸೆನ್ಸ್ ಆಗುತ್ತದಾ ಅಂತ ಕೇಳಿದ್ದೀರಿ, ವಕೀಲರು ಹೇಳಿದರು. ನಾನು ಕೇಳುವುದು ಬೇರೆ. ನಿಮ್ಮ ಮನೆಯಲ್ಲಿ ಯಾರು ಕುಡಿಯುತ್ತಾರೆ? ಯಾರಿಗೆ ಸಿಟ್ಟು ಜಾಸ್ತಿ? ಸಾಲದ ನೋಟಿಸ್ ಬಂದ ದಿನ ಕೋವಿ ಎಲ್ಲಿರುತ್ತದೆ, ಮದ್ದು ಎಲ್ಲಿರುತ್ತದೆ? ಇದನ್ನು ಯಾವ ಫಾರಂನಲ್ಲೂ ಕೇಳುವುದಿಲ್ಲ. ನಿಮ್ಮ ಅಮ್ಮನ ಹತ್ತಿರ ಕೇಳಿ ನೋಡಿ.

ಗುಡ್ಡೆತೋಟ · ಮಂಗಳವಾರ ರಾತ್ರಿ 8:50

ಮೊದಲು, ಕೋವಿ ಠಾಣೆ ಸೇರಿತು. ಫೌಜಿಯವರು ಹೇಳಿದ್ದು ಒಳ್ಳೆಯದಾಯಿತು. ಮದ್ದು ಇತ್ತು. ಕೇಪು ಇರಲಿಲ್ಲ. ಅದು ತುಂಬಿದ ಕೋವಿ, ಚಾವಡಿಯಲ್ಲಿ, ಅಕ್ಕನ ಮಗನ ತಲೆಯ ಮೇಲೆ ಹದಿನೈದು ದಿನ ಇತ್ತು. ಅಕ್ಕನಿಗೆ ಇನ್ನೂ ಹೇಳಿಲ್ಲ. ಭಾವ, ನೀವೂ ಓದಿ ಸುಮ್ಮನಿರಿ.

ನೈಟ್ ಡ್ಯೂಟಿ ಅಕ್ಕ, ನೀವು ಹೇಳಿದ ಹಾಗೆ ಅಮ್ಮನ ಹತ್ತಿರ ಕೇಳಿದೆ. ಅಮ್ಮ ಅಡಿಗೆಮನೆಗೆ ಹೋಗಿ ಕುಚ್ಚಲಕ್ಕಿ ಡಬ್ಬದ ಒಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಸಣ್ಣ ತಗಡಿನ ಡಬ್ಬಿ ತೆಗೆದರು. ಹಳೆಯ ನೋವಿನ ಮುಲಾಮಿನ ಡಬ್ಬಿ. ಒಳಗೆ ಕೇಪುಗಳು. ಹನ್ನೊಂದು.

2000ದ ಆಚೀಚೆ ಅಡಿಕೆ ರೇಟು ಬಿದ್ದಿತ್ತಲ್ಲ, ಆಗ ಅಪ್ಪ ಕುಡಿಯಲು ಶುರು ಮಾಡಿದ್ದರು. ನಾನು ಹಾಸ್ಟೆಲಿನಲ್ಲಿದ್ದೆ, ನನಗೆ ಪೂರ್ತಿ ಗೊತ್ತಿರಲಿಲ್ಲ. ಒಂದು ರಾತ್ರಿ ಏನೋ ಮಾತಾಡಿದರಂತೆ. ಏನು ಅಂತ ಅಮ್ಮ ಹೇಳಲಿಲ್ಲ. ಮರುದಿನ ಕೇಪಿನ ಡಬ್ಬಿ ಅಕ್ಕಿಯೊಳಗೆ ಹೋಯಿತು. ಕೋವಿ ಗೋಡೆಯಲ್ಲೇ ಇತ್ತು, ಅದನ್ನು ಇಳಿಸಿದರೆ ಅಪ್ಪನ ಮರ್ಯಾದೆ ಹೋಗುತ್ತಿತ್ತು. ಮಂಗ ಬಂದರೆ ಅಪ್ಪ ಅಡಿಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. “ಎಷ್ಟು?” “ಎರಡು ಕೊಡು.” ಒಂದೇ ಉಪಯೋಗ ಆದರೆ ಇನ್ನೊಂದು ವಾಪಸ್ ಕೊಡಬೇಕು. ಅಪ್ಪ ಕುಡಿಯುವುದು ಬಿಟ್ಟ ಮೇಲೂ ಅದು ಹಾಗೇ ನಡೆಯಿತು. ಇಪ್ಪತ್ತು ವರ್ಷ ನಾನು ಅಮ್ಮ ಸುಮ್ನೆ ಅಚ್ಚುಕಟ್ಟು ಅಂತ ತಿಳಿದುಕೊಂಡಿದ್ದೆ.

ಮಾಜಿ ಫೌಜಿ · 9:05

ಸೈನ್ಯದಲ್ಲಿ ಇದಕ್ಕೆ ಕೋತ್ ಅನ್ನುತ್ತೇವೆ. ರೈಫಲ್ ಒಂದು ಕಡೆ, ಗುಂಡು ಇನ್ನೊಂದು ಕಡೆ. ಲೆಕ್ಕ ಮಾಡಿ ಕೊಟ್ಟು ಲೆಕ್ಕ ಮಾಡಿ ತೆಗೆದುಕೊಳ್ಳುವುದು. ಅಮ್ಮನವರಿಗೆ ಒಂದು ಸೆಲ್ಯೂಟ್ ಹೇಳಿ.

ಶೆಟ್ರ ಗೂಡಂಗಡಿ · 9:11

ನನಗೆ ಮಾತೇ ಬರುತ್ತಿಲ್ಲ ಮಾರಾಯ್ರೆ.

ಕುಡ್ಲದ ವಕೀಲ · 9:30

ಆ ಹನ್ನೊಂದು ಕೇಪುಗಳನ್ನೂ ಒಪ್ಪಿಸಿ. ಅವೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತವೆ. ಇಂಥ ಹೊತ್ತಿನಲ್ಲಿ ಕಾನೂನು ಮಾತಾಡಿದ್ದಕ್ಕೆ ಕ್ಷಮಿಸಿ.

ಬಜ್ಪೆ ಬಸ್ · 9:48

ನಾನು ಹಕ್ಕು ಅಂತ ಹೇಳಿದ್ದು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಡಬ್ಬಿ ಇಟ್ಟುಕೊಳ್ಳುವವರು ಯಾರು ಅಂತ ಯೋಚನೆ ಮಾಡಿದೆ. ಯಾರೂ ಇಲ್ಲ.

ಗುಡ್ಡೆತೋಟ · ಮೂರು ವಾರದ ನಂತರ

ಕೇಳಿದವರಿಗೆಲ್ಲ ಅಪ್‌ಡೇಟ್. ಕೋವಿ ಇಲ್ಲದ ಮೂರು ವಾರದಲ್ಲಿ ಐದು ಬಾಳೆಗೊನೆ, ತೆಂಗಿನ ಎಳೆ ಬೊಂಡ ಲೆಕ್ಕ ಇಟ್ಟಿಲ್ಲ. ಪಟಾಕಿ ಹೊಡೆದೆ. ನಾಯಿ ಹೆದರಿ ಮಂಚದ ಅಡಿ ಸೇರಿತು, ಮಂಗಗಳು ಸೇರಲಿಲ್ಲ.

ವಾರಸುದಾರನಾಗಿ ಅರ್ಜಿ ಹಾಕುವುದು ಅಂತ ತೀರ್ಮಾನ ಮಾಡಿದ್ದೇನೆ. ಪಹಣಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಫೋಟೋ ಎಲ್ಲ ರೆಡಿ. ತರಬೇತಿಗೂ ಹೆಸರು ಕೊಟ್ಟಿದ್ದೇನೆ. ಕೋವಿಗೆ ಬೀಗದ ಕಪಾಟು, ಅಮ್ಮನ ಡಬ್ಬಿ ಇನ್ನು ಹೆಂಡತಿಯ ಕೈಗೆ. ಅವಳು ಎಲ್ಲಿಡುತ್ತಾಳೋ ನನಗೆ ಹೇಳಬಾರದು ಅಂತ ಅಮ್ಮನ ಆರ್ಡರ್.

ಒಂದೇ ಬಾಕಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಅಮ್ಮ ಸಹಿ ಹಾಕಿದರು. ಅಕ್ಕನಿಗೆ ಕಳಿಸಿದ್ದೇನೆ, ತುಂಬಿದ ಕೋವಿಯ ವಿಷಯವನ್ನೂ ಕೊನೆಗೆ ಹೇಳಿಬಿಟ್ಟೆ. ಹತ್ತು ದಿನ ಆಯಿತು. ಭಾವ, ಏನಾದರೂ ಸುದ್ದಿ ಉಂಟಾ?

ಟೆಕ್ಸಾಸ್ ಭಾವ · ಮರುದಿನ ಬೆಳಿಗ್ಗೆ 6:15

ಪತ್ರ ಡೈನಿಂಗ್ ಟೇಬಲ್ ಮೇಲೆ ಇದೆ, ಮೇಲೊಂದು ಪೆನ್ನು ಇದೆ. ಮೊನ್ನೆ ಅತ್ತೆಗೆ ವಿಡಿಯೋ ಕಾಲ್ ಮಾಡಿ ಆ ಡಬ್ಬಿ ತೋರಿಸಿ ಅಂದಳು. ಖಾಲಿ ಡಬ್ಬಿ ತೋರಿಸಿದರು. ಇಬ್ಬರೂ ತುಂಬಾ ಹೊತ್ತು ಮಾತಾಡಿದರು, ನಾನು ಆಚೆ ಹೋದೆ. ಸಹಿ ಹಾಕು ಅಂತ ನಾನು ಹೇಳುವುದಿಲ್ಲ ಭಾವ.

ಇನ್ನೊಂದು. ನಿನ್ನೆ ಸಂಜೆ ನಮ್ಮ ಮನೆಯ ಬಂದೂಕಿನ ಸೇಫ್ ತೆರೆಯಲು ಹೋದೆ. ನಂಬರ್ ಬದಲಾಗಿದೆ. ಕೇಳಿದ್ದಕ್ಕೆ “ಯಾಕೆ ಬೇಕು?” ಅಂದಳು.